ಬೆನ್ನಿಗೆ ತಾಗಿದ ಬೆರಳು

ಆ ದಿನ ಬೆಳಗಾಗುವ ಹೊತ್ತಿಗೆ ಗಾಳಿ ಎದ್ದಿತ್ತು. ರಾತ್ರಿಯ ಮಳೆ ಬೀದಿಯನ್ನೆಲ್ಲ ತೊಳೆದು ಹೋಗಿತ್ತು. ಆಕಾಶ ತಿಳಿಯಾಗಿತ್ತು, ಆ ತಿಳಿಯ ಮೇಲೆ ಬಿಳಿ ಮೋಡಗಳು ಹಿಂದಿನಿಂದ ಯಾರೋ ಕೋಲು ಹಿಡಿದು ಅಟ್ಟಿದಂತೆ ಓಡುತ್ತಿದ್ದವು. ಬಟ್ಟೆ ಒಣಹಾಕುವವರಿಗೆ ಇಂಥ ಬೆಳಗು ದೇವರು ಕೊಟ್ಟ ವರ. ಎತ್ತರದ ಕಟ್ಟಡಗಳ ಗಾಜು ತೊಳೆಯುವವನಿಗೆ ಅದು ಬೇಡ. ಗಾಳಿಗೆ ಹೆದರಿ ಅಲ್ಲ, ಗಾಳಿ ಜೋರಾದರೆ ಅವನು ನಿಂತು ಕೆಲಸ ಮಾಡುವ, ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲನ್ನೇ ಇಳಿಸಿಬಿಡುತ್ತಾರೆ. ಹೆದರಿಕೆ ಇರುವುದು ಮೋಡದ್ದು. ಗಾಜಿನೊಳಗೆ ಮೋಡ ಓಡತೊಡಗಿದರೆ ನಿಂತಿರುವುದು ಯಾವುದು, ಓಡುತ್ತಿರುವುದು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಕಿವಿ ನೆಟ್ಟಗಿದ್ದವನು ಅದನ್ನು ನೋಡಿ ನಕ್ಕು ಕೆಲಸ ಮುಂದುವರಿಸುತ್ತಾನೆ. ಕೊಕ್ಕರೆಯ ಕಿವಿ ನೆಟ್ಟಗಿರಲಿಲ್ಲ.

ಕೊಕ್ಕರೆ ಎಂಬುದು ಜೊತೆ ಕೆಲಸದವರು ಅವನಿಗೆ ಇಟ್ಟ ಹೆಸರು. ಉದ್ದ ಕಾಲು, ಸಣ್ಣ ತಲೆ. ಒಂಟಿ ಕಾಲಿನ ಮೇಲೆ ನಿಂತನೆಂದರೆ ಕೊಳದ ಅಂಚಿನ ಹಕ್ಕಿಯ ಹಾಗೆ ನಿಂತೇ ಇರುತ್ತಿದ್ದ. ಹೆಸರು ಇಟ್ಟವರಿಗೆ ಅದು ಹೊಗಳಿಕೆಯಾಗಿತ್ತು, ಇಡಿಸಿಕೊಂಡವನಿಗೂ.

ಕಿಟಕಿಯ ಬಳಿ ನಿಂತು ಅವನು ಆಕಾಶ ನೋಡುತ್ತಿದ್ದಾಗ ಹೆಂಡತಿ ಮಂಚದಿಂದ ಕೇಳಿದಳು.

"ಏನ್ರೀ ಅಷ್ಟು ಹೊತ್ತಿಂದ ನೋಡ್ತಿದ್ದೀರ? ಮೋಡಕ್ಕೆ ಗಂಡು ಹುಡುಕ್ತಿದ್ದೀರಾ?"

"ಗಾಳಿ ಎಷ್ಟಿದೆ ಅಂತ ನೋಡ್ದೆ."

"ಜೋರಿದ್ರೆ ಹೋಗ್ಬೇಡಿ."

"ಹೋಗ್ದೆ ಇರೋಕಾಗುತ್ತಾ?" ಎಂದ.

ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಅವಳ ಹೊಟ್ಟೆಯಲ್ಲಿ ಒಂದು ಜೀವ ನಿಂತಿತ್ತು. ಇದಕ್ಕೆ ಮುಂಚಿನವು ನಿಂತಿರಲಿಲ್ಲ. ಅವಳದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ, ದಿನವಿಡೀ ನಿಂತು ಮಾಡುವುದು. ಈ ಸಲ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಹೆರಿಗೆಯವರೆಗೆ ಮಲಗಿರಬೇಕು, ನಿಂತರೆ ನನ್ನನ್ನು ಕೇಳಬೇಡ. ಮನೆಗೆ ಬಂದ ಹೆಂಡತಿ ನಗುತ್ತಲೇ ಹೇಳಿದ್ದಳು, "ಇನ್ಮೇಲೆ ಈ ಮನೇಲಿ ಒಬ್ರು ಮಲಗೇ ಇರ್ಬೇಕು, ಒಬ್ರು ನಿಂತೇ ಇರ್ಬೇಕು."

ಅದಾಗಿ ಕೆಲವೇ ದಿನಕ್ಕೆ ಕೊಕ್ಕರೆಗೆ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಒಂದನ್ನು ಕಿತ್ತುಕೊಂಡು ಹೋಯಿತು. ಹಾಸಿಗೆಯಿಂದ ಎದ್ದು ನಿಂತರೆ ನೆಲ ದೋಣಿಯ ಹಾಗೆ ವಾಲಿತು. ಗೋಡೆ ಹಿಡಿದು ಬಚ್ಚಲಿಗೆ ಹೋದ. ಹೆಂಡತಿಗೆ ಕಾಣದ ಹಾಗೆ ಗೋಡೆ ಹಿಡಿದೇ ಬಂದ. ಕಿವಿಯ ಡಾಕ್ಟರು ದೀಪ ಹಾಕಿ ಇಣುಕಿ ನೋಡಿ, "ಕಿವಿಯೊಳಗೊಂದು ತಕ್ಕಡಿ ಇರುತ್ತೆ. ನಿಮ್ಮ ಒಂದು ತಟ್ಟೆ ಹೋಗಿದೆ. ಕಣ್ಣು, ಕಾಲು ಸೇರಿ ಅದರ ಕೆಲಸ ಕಲಿತರೂ ಕಲೀಬಹುದು, ಇಲ್ಲದೆಯೂ ಇರಬಹುದು. ಎತ್ತರದ ಕೆಲಸ ಮಾತ್ರ ಬೇಡ" ಎಂದರು. ಬೇರೆ ಕೆಲಸಕ್ಕೆ ಅವನು ಹೋಗದೆ ಇರಲಿಲ್ಲ. ಉಗ್ರಾಣದಲ್ಲಿ ಮೂಟೆ ಹೊತ್ತು ಹಲಗೆಯ ಮೇಲೆ ನಡೆಯುವಾಗ ತಟ್ಟಾಡಿದ. ಅಲ್ಲಿಯ ಯಜಮಾನ ಅವನ ಬಾಯಿ ಮೂಸಿ ನೋಡಿ, "ಬೆಳಿಗ್ಗೇನೇ ಏರ್ಸಿದ್ದೀಯಾ?" ಎಂದು ಹೊರಗೆ ಹಾಕಿದ. ಜನ್ಮದಲ್ಲಿ ಹೆಂಡ ಮುಟ್ಟದವನು ಹಾಗೆ ಕುಡುಕನೆನಿಸಿಕೊಂಡು ಬೀದಿಗೆ ಬಂದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಅವನಿಗೆ ಆಗ ನೆನಪಾದದ್ದು ಅವನ ಅಕ್ಕ.

ಅಕ್ಕ ಪೀಠೋಪಕರಣದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಯೋಗ ಹೇಳಿಕೊಡುತ್ತಿದ್ದಳು. ಬರುವವರಲ್ಲಿ ಮಂಡಿ ಹಿಡಿದ ಹೆಂಗಸರೇ ಹೆಚ್ಚು. ಕೋಣೆಯ ಒಂದು ಗೋಡೆಗೆ ಸುಣ್ಣ ಬಳಿದಿತ್ತು. ಅದರ ಮೇಲೆ, ಕಣ್ಣಿನ ಎತ್ತರಕ್ಕೆ, ಒಂದೇ ಒಂದು ಮೊಳೆ.

"ಅಕ್ಕಾ, ನಂಗೆ ಒಂಟಿ ಕಾಲಲ್ಲಿ ನಿಲ್ಲೋದು ಹೇಳಿಕೊಡು."

"ಕೊಕ್ಕರೆಗೆ ನಾನು ನಿಲ್ಲೋದು ಹೇಳಿಕೊಡ್ಲಾ? ಆಮೇಲೆ ಮೀನಿಗೆ ಈಜು ಕಲಿಸ್ತೀನಿ, ಬಾ" ಎಂದು ಅಕ್ಕ ನಕ್ಕಳು. ತಮ್ಮ ನಗಲಿಲ್ಲ. ಅವಳು ಅವನ ಮುಖ ನೋಡಿದಳು. ಮುಂದೆ ಏನೂ ಕೇಳದೆ ಚಾಪೆ ಹಾಸಿದಳು.

"ಇದು ವೃಕ್ಷಾಸನ. ಎಡಗಾಲು ನೆಲಕ್ಕೆ. ಬೆರಳೆಲ್ಲ ಅಗಲ ಮಾಡು, ನೆಲಾನ ಹಿಡ್ಕೊ. ಬಲಗಾಲಿನ ಅಂಗಾಲು ಎಡತೊಡೆಯ ಒಳಗಡೆಗೆ. ಮಂಡಿ ಮೇಲೆ ಇಡ್ಬೇಡ, ಮಂಡಿ ಬಡಪಾಯಿ, ಅದಕ್ಕೆ ಯಾಕೆ ಭಾರ. ಎರಡೂ ಕೈ ಎದೆ ಹತ್ರ ಮುಗಿ. ನಿಂತ್ಯಾ? ಈಗ ಆ ಮೊಳೆ ನೋಡು. ಅಲುಗದೇ ಇರೋದನ್ನ ನೋಡ್ಬೇಕು. ಮನುಷ್ಯರ ಮುಖ ನೋಡ್ಬೇಡ, ನನ್ನ ಮುಖಾನೂ ನೋಡ್ಬೇಡ."

"ಕಾಲು ನಡುಗ್ತಿದೆ."

"ನಡುಗಲಿ. ಮರ ಅಲುಗದೆ ನಿಂತಿರುತ್ತೆ ಅಂತ ಯಾರು ಹೇಳಿದ್ರು ನಿಂಗೆ? ಅಲುಗ್ತಾ ಅಲುಗ್ತಾ ನಿಂತಿರೋದೇ ಮರ. ಅಲುಗದೇ ಇರೋದು ಕಂಬ. ಅದು ಬಿದ್ರೆ ಒಂದೇ ಸಲ."

ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಅದರ ಗುಣಗಳನ್ನು ಹೇಳಿದಳು. ಕಣಕಾಲು ಗಟ್ಟಿಯಾಗುತ್ತದೆ, ಮೀನಖಂಡಕ್ಕೆ ಬಲ ಬರುತ್ತದೆ, ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಉಸಿರಿಗೆ ಎದೆಯಲ್ಲಿ ಜಾಗವಾಗುತ್ತದೆ. ಹತ್ತು ಕಡೆ ಓಡುವ ಮನಸ್ಸು ಒಂದು ಕಡೆ ಕೂರುತ್ತದೆ. "ಎಲ್ಲಕ್ಕಿಂತ ಹೆಚ್ಚಾಗಿ ಅಂಗಾಲಿಗೆ ಕಣ್ಣು ಬರುತ್ತೆ ಕಣೋ" ಎಂದಳು. ಆ ಮಾತು ಅವನ ಎದೆಗೆ ಹೋಗಿ ನಾಟಿತು. ಡಾಕ್ಟರು ಹೇಳಿದ್ದೂ ಅದನ್ನೇ ಅಲ್ಲವೇ?

"ಇದನ್ನ ಮೊದಲು ನಿಂತವನು ಭಗೀರಥ ಅಂತಾರೆ" ಎಂದು ಅಕ್ಕ ಶುರುಮಾಡಿದಳು. ಕಥೆ ಹೇಳುವಾಗ ಅವಳ ದನಿ ಅವರಜ್ಜಿಯ ದನಿಯಾಗುತ್ತಿತ್ತು. "ಅವನ ಹಿರಿಯರೆಲ್ಲ ಸುಟ್ಟು ಬೂದಿಯಾಗಿ ಬಿದ್ದಿದ್ರು. ಅವರ ಮೇಲೆ ಒಂದು ಹನಿ ನೀರು ಹಾಕೋರಿಲ್ಲ. ಹಾಕೋದಾದ್ರೆ ಆಕಾಶದಲ್ಲಿರೋ ಗಂಗೇನೇ ಇಳಿದು ಬರ್ಬೇಕು. ಇವನೋ ರಾಜ. ಕಿರೀಟ ತೆಗೆದಿಟ್ಟ, ಕಾಡಿಗೆ ಹೋದ, ಒಂಟಿ ಕಾಲಲ್ಲಿ ನಿಂತ. ಬಿಸಿಲು ಬಂತು ಹೋಯ್ತು, ಮಳೆ ಬಂತು ಹೋಯ್ತು. ಹಕ್ಕಿಗಳು ಮರ ಅಂದ್ಕೊಂಡು ತಲೆ ಮೇಲೆ ಗೂಡು ಕಟ್ಟಿದ್ವಂತೆ. ಕೊನೆಗೆ ಆಕಾಶ ಒಪ್ತು. ಗಂಗೆ ಬರ್ತೀನಿ ಅಂದ್ಳು."

"ನಿಂತರೆ ಬರುತ್ತೆ ಅಂತಾಯ್ತು."

"ಇರು, ಕಥೆ ಇನ್ನೂ ಇದೆ."

"ಆಮೇಲೆ ಕೇಳ್ತೀನಿ ಅಕ್ಕಾ" ಎಂದು ಅವನು ಚಪ್ಪಲಿ ಮೆಟ್ಟಿಕೊಂಡ. ಅವನಿಗೆ ಬೇಕಾದಷ್ಟು ಕಥೆ ಸಿಕ್ಕಿತ್ತು.

ಆಮೇಲೆ ಅವನು ನಿಂತದ್ದು ಭಗೀರಥ ಪ್ರಯತ್ನವೇ ಸರಿ. ಹೆಂಡತಿ ನಿದ್ದೆಹೋದಾಗ ಅಡುಗೆಮನೆಯಲ್ಲಿ ನಿಂತ, ಮೆಟ್ಟಿಲ ತಿರುವಿನಲ್ಲಿ ನಿಂತ, ಅಕ್ಕನ ಕೋಣೆಯಲ್ಲಿ ಮೊಳೆಯನ್ನು ನುಂಗುವ ಹಾಗೆ ನೋಡುತ್ತಾ ನಿಂತ. ಕಣ್ಣು ತೆರೆದು ನಿಲ್ಲುವುದು ಬಂತು. ನಡುಗುತ್ತಾ ಬಂತು, ಆದರೂ ಬಂತು. ಒಂದು ಸಂಜೆ ಅಕ್ಕ ಮೆಲ್ಲನೆ, "ಈಗ ಕಣ್ಣು ಮುಚ್ಚು" ಎಂದಳು. ಮುಚ್ಚಿದ ಕ್ಷಣವೇ ಕಡಿದ ಬಾಳೆಯ ಹಾಗೆ ಗೋಡೆಗೆ ಬಿದ್ದ.

ಅಕ್ಕ ಅವನ ಹಣೆ ಉಜ್ಜುತ್ತಾ, "ಇದು ಕಾಲಿನ ಕೇಡಲ್ಲ" ಎಂದಳು. "ಮೇಲೆ ಹತ್ತೋದು ಬಿಟ್ಟಿದ್ದೀಯಾ ತಾನೆ?"

"ಬಿಟ್ಟಿದ್ದೀನಿ" ಎಂದು ಅವನು ಸುಳ್ಳು ಹೇಳಿದ.

ಬಿಟ್ಟಿರಲಿಲ್ಲ. ಬಿಡದೆ ಇರಲು ಒಂದು ದಾರಿ ಸಿಕ್ಕಿತ್ತು.

ಗಾಜು ತೊಳೆಯುವ ಅವನ ತಂಡದಲ್ಲಿ ಮೇಸ್ತ್ರಿಯದೊಂದು ಕಟ್ಟಳೆ. ಬೆಳಿಗ್ಗೆ ಮೇಲೆ ಹತ್ತುವ ಮುಂಚೆ ಎಲ್ಲರೂ ಕಟ್ಟಡದ ನೆಲಮಾಳಿಗೆಯ ಓಣಿಯಲ್ಲಿ ಬರಿಗಾಲಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲಬೇಕು. ಸೊಂಟಕ್ಕೆ ರಕ್ಷಣೆಯ ಪಟ್ಟಿ ಕಟ್ಟಿರಬೇಕು, ಎರಡೂ ಕೈ ಪಟ್ಟಿಯ ಕೊಂಡಿಯ ಮೇಲಿರಬೇಕು, ಒಂದು ಕಾಲು ಎತ್ತಿರಬೇಕು. ಮೇಸ್ತ್ರಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಾನೆ. ಕೂಗಿಸಿಕೊಂಡವನು "ಇದ್ದೀನಿ" ಎನ್ನುತ್ತಾನೆ. ಎಲ್ಲರದೂ ಮುಗಿದ ಮೇಲೆ ಮೇಸ್ತ್ರಿ ಕೊನೆಗೆ "ತಮ್ಮಾ" ಎಂದು ಕೂಗುತ್ತಾನೆ. ಅದಕ್ಕೆ ಯಾರೂ ಓಗೊಡುವುದಿಲ್ಲ. ಅವನ ತಮ್ಮ ಹಿಂದೊಮ್ಮೆ ತಲೆ ಸುತ್ತುತ್ತಿದ್ದುದನ್ನು ಮುಚ್ಚಿಟ್ಟು ಮೇಲೆ ಹತ್ತಿದವನು. ಪಟ್ಟಿ ಒತ್ತುತ್ತದೆಂದು ಬಿಚ್ಚಿ ಗೂಟಕ್ಕೆ ಹಾಕಿ ಹತ್ತಿದವನು. ಪಟ್ಟಿ ಉಳಿಯಿತು, ತಮ್ಮ ಉಳಿಯಲಿಲ್ಲ. ಆ ಹೆಸರು ಕೂಗಿದಾಗ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಮೇಸ್ತ್ರಿಯೂ ಮುಚ್ಚುತ್ತಾನೆ. ಅವನು ಗಂಟಲು ಸರಿಮಾಡಿಕೊಂಡು "ನಡೀರಿ" ಎನ್ನುವವರೆಗೆ ಕಾಲು ಇಳಿಸುವಂತಿಲ್ಲ. ಇಳಿಸಿದವನು ಮೇಲೆ ಹತ್ತುವಂತಿಲ್ಲ.

ಆ ತಮ್ಮನ ಪಟ್ಟಿಯನ್ನೇ ಮೇಸ್ತ್ರಿ ಕೊಕ್ಕರೆಗೆ ಕೊಟ್ಟಿದ್ದ. ತಂಡದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಿಲ್ಲುವವನು ಅವನೇ ಎಂದು ಕೊಟ್ಟಿದ್ದ. ದಪ್ಪ ಚರ್ಮ, ಹಿತ್ತಾಳೆ ಕೊಂಡಿ. "ಇದು ದಾನ ಅಲ್ಲ, ಕಡ" ಎಂದಿದ್ದ ಮೇಸ್ತ್ರಿ. "ನಿನ್ನ ಕಾಲು ನಡುಗಿದ ದಿನ ನೀನಾಗೇ ತಂದು ನನ್ನ ಕೈಗೆ ಕೊಡ್ಬೇಕು. ನಾನು ಬಿಚ್ಚಿಸಿಕೊಳ್ಳೋ ಹಾಗೆ ಮಾಡ್ಬೇಡ."

ಉಗ್ರಾಣದ ಕೆಲಸವೂ ಹೋಗಿ, ಜ್ವರದ ನಂತರ ಮೊದಲ ಸಲ ಸಾಲಿನಲ್ಲಿ ನಿಂತಾಗ, "ತಮ್ಮಾ" ಎಂಬ ಕೂಗಿಗೆ ಕಣ್ಣು ಮುಚ್ಚಿದವನೇ ಕೊಕ್ಕರೆ ಮುಗ್ಗರಿಸಿದ. ಕೈ ತಾನಾಗಿ ಮುಂದಕ್ಕೆ ಹೋಯಿತು. ಒಂದು ಬೆರಳು ಮುಂದೆ ನಿಂತಿದ್ದವನ ಬೆನ್ನಿಗೆ ತಾಗಿತು. ಅಷ್ಟೇ ಸಾಕಾಯಿತು. ಅಲುಗದ ಒಂದು ಬಿಂದು ಸಿಕ್ಕಿದರೆ ಬೆರಳಿಗೂ ಕಣ್ಣು ಬರುತ್ತದೆ, ಜಗತ್ತು ನಿಂತಿತು. ಆ ಬೆನ್ನು ಗುಂಡುವಿನದು. ಕುಳ್ಳ, ಗುಂಡಗೆ, ಮೊಟ್ಟೆಯಂಥ ಬೋಳುತಲೆ. ತೊಟ್ಟಿಲಿನಲ್ಲಿ ಅವನೇ ಕೊಕ್ಕರೆಯ ಜೋಡಿ. ಅವನು ತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ. ಮೇಲೆ ಹೋದ ಮೇಲೆ ಮಾತ್ರ, "ನನ್ನ ಬೆನ್ನು ಅಷ್ಟು ಚೆನ್ನಾಗಿದೆಯಾ? ಯಾವ ಹುಡುಗೀನೂ ಹೇಳ್ಲಿಲ್ವಲ್ಲ" ಎಂದ.

ಕೊಕ್ಕರೆ ಎಲ್ಲವನ್ನೂ ಹೇಳಿಕೊಂಡ. ಗುಂಡು ಕೇಳಿದ, ಗಾಜು ಒರೆಸುತ್ತಲೇ ಕೇಳಿದ. "ಮಗು ಬರೋವರೆಗೆ ಸಾಗಿಸೋಣ" ಎಂದ. ಅಂದಿನಿಂದ ಆ ಮೌನ ಬಂದಾಗಲೆಲ್ಲ ಗುಂಡುವಿನ ಬೆನ್ನು ಒಂದಿಷ್ಟು ಹಿಂದಕ್ಕೆ ಸರಿದು ಬೆರಳಿಗಾಗಿ ಕಾಯುತ್ತಿತ್ತು. ಸತ್ತವನ ಹೆಸರಿಗೆ ಕಣ್ಣು ತೆರೆದು ನಿಲ್ಲಲು ಕೊಕ್ಕರೆಗೆ ಮನಸ್ಸು ಬರಲಿಲ್ಲ. ಸತ್ತವನಿಗೆಂದು ಇಟ್ಟ ಮೌನದಲ್ಲಿ, ಎಲ್ಲರ ಕಣ್ಣು ಮುಚ್ಚಿದ್ದಾಗ, ಆ ಸತ್ತವನ ಪಟ್ಟಿಯನ್ನೇ ಸೊಂಟಕ್ಕೆ ಕಟ್ಟಿಕೊಂಡು ಕೊಕ್ಕರೆ ಆಸರೆ ಕದಿಯುತ್ತಿದ್ದ. ಅದು ಅವನಿಗೆ ಗೊತ್ತಿತ್ತು. ದೇವರೇ, ಮಗು ಒಂದು ಬರಲಿ, ಆಮೇಲೆ ಯಾವ ಶಿಕ್ಷೆಯಾದರೂ ಕೊಡು ಎಂದು ಬೇಡುತ್ತಲೇ ಕದಿಯುತ್ತಿದ್ದ.

ಮೋಡ ಓಡುತ್ತಿದ್ದ ಆ ಬೆಳಿಗ್ಗೆಯೂ ಹಾಗೆಯೇ ಆಯಿತು. "ತಮ್ಮಾ" ಎಂದ ಮೇಸ್ತ್ರಿ. ಸೋಪುನೀರಿನ ವಾಸನೆಯ ಆ ಓಣಿಯಲ್ಲಿ ಒದ್ದೆ ಹಗ್ಗದಿಂದ ಹನಿ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೆರಳು ಬೆನ್ನಿಗೆ ತಾಗಿತು. "ನಡೀರಿ."

ತೊಟ್ಟಿಲಿಗೆ ಹತ್ತುವಾಗ ಗುಂಡು ಪಿಸುಗುಟ್ಟಿದ, "ಬಕಧ್ಯಾನ ಮುಗೀತಾ ಸ್ವಾಮಿ? ಇವತ್ತು ಮೀನು ಸಿಕ್ತಾ?"

ತಮಾಷೆಯೇ. ಆದರೂ ಕೊಕ್ಕರೆಯ ಮುಖ ಬಿಳುಚಿಕೊಂಡಿತು. "ಹಾಗನ್ಬೇಡ ಕಣೋ."

"ಅಯ್ಯೋ, ನಿನ್ನ ಹೆಸರೇ ಕೊಕ್ಕರೆ. ನಾನೇನು ಹೊಸದಾಗಿ ಅಂದ್ನಾ?"

ಮೋಟಾರು ಗುಂಯ್ಗುಟ್ಟಿತು. ತೊಟ್ಟಿಲು ಮೇಲೆದ್ದಿತು. ಬೀದಿಯ ಸದ್ದು ಕೆಳಗೆ ಉಳಿಯಿತು. ಕೊಕ್ಕರೆ ಮೇಲೆ ಕೆಲಸ ಮಾಡಲು ಒಂದು ಉಪಾಯ ಕಂಡುಕೊಂಡಿದ್ದ: ಗಾಜನ್ನು ನೋಡದೆ ಗಾಜಿನ ಚೌಕಟ್ಟಿನ ತಿರುಪುಮೊಳೆ ನೋಡುವುದು. ಒಂದು ತಿರುಪಿನಿಂದ ಇನ್ನೊಂದು ತಿರುಪಿಗೆ ಕಣ್ಣು ದಾಟಿಸುವುದು. ಅಕ್ಕನ ಗೋಡೆಯ ಮೊಳೆಯನ್ನು ಅವನು ಹಾಗೆ ಆಕಾಶಕ್ಕೆ ಒಯ್ದಿದ್ದ. ಅಂದು ತೊಳೆಯಬೇಕಾಗಿದ್ದುದು ಕಟ್ಟಡದ ಮುಂಭಾಗ. ಅಲ್ಲಿ ಚೌಕಟ್ಟು ಕಾಣುವುದಿಲ್ಲ, ಗಾಜಿಗೆ ಗಾಜು ಅಂಟಿಸಿದ್ದಾರೆ. ಎತ್ತ ನೋಡಿದರೂ ಆಕಾಶ.

ಮೊದಮೊದಲು ಅವನು ತನ್ನ ಕೈಯ ಒರೆಸುಬಟ್ಟೆಯನ್ನೇ ನೋಡುತ್ತಾ ಕೆಲಸ ಮಾಡಿದ. ಬಟ್ಟೆ ಸರಿದ ಕಡೆ ಗಾಜು ಥಳಥಳಿಸಿತು. ಅದರೊಳಗಿಂದ ಒಂದು ದೊಡ್ಡ ಬಿಳಿ ಮೋಡ ಅವನತ್ತಲೇ ನುಗ್ಗಿ ಬಂತು. ಮೋಡ ಓಡುತ್ತಿಲ್ಲ, ಕಟ್ಟಡವೇ ಮಗುಚುತ್ತಿದೆ ಎಂದು ಅವನ ಮೈ ಹೇಳಿತು. ಸುಳ್ಳು ಎಂದು ಬುದ್ಧಿ ಹೇಳುವಷ್ಟರಲ್ಲಿ ಅವನು ಚೀರಿ ಗುಂಡುವಿನ ಕಡೆಗೆ ಹಾರಿಬಿಟ್ಟಿದ್ದ.

ತೊಟ್ಟಿಲು ಒಂದು ಪಕ್ಕಕ್ಕೆ ವಾಲಿತು. ಸೋಪಿನ ಬಕೆಟ್ಟು ಕೊಕ್ಕೆಯಿಂದ ಕಳಚಿ ಹೋಯಿತು. ಕೊಕ್ಕರೆ ಕಂಬಿಯ ಮೇಲೆ ಹೊಟ್ಟೆಹಚ್ಚಿ ಅರ್ಧ ಹೊರಗಿದ್ದ. ಗುಂಡು ಒಂದು ಕೈಯಲ್ಲಿ ಅವನ ಪಟ್ಟಿ ಹಿಡಿದು ಎಳೆದ. ಆಸರೆಗೆ ಹಗ್ಗ ಹಿಡಿದಿದ್ದ ಇನ್ನೊಂದು ಕೈ ಹಗ್ಗಕ್ಕೂ ಕಂಬಿಗೂ ನಡುವೆ ಸಿಕ್ಕಿ ನಜ್ಜಿತು. "ಕಣ್ಣು ಮುಚ್ಚು! ಮುಚ್ಚೋ! ನಾನು ಹಿಡ್ಕೊಂಡಿದ್ದೀನಿ!" ಎಂದು ಅವನು ಕೂಗುತ್ತಿದ್ದ. ಕೊಕ್ಕರೆ ತೊಟ್ಟಿಲಿನ ತಳಕ್ಕೆ ಮುದುಡಿ ಬಿದ್ದು, ಗುಂಡುವಿನ ಕಾಲು ತಬ್ಬಿಕೊಂಡ.

ಕೆಳಗೆ ಹಗ್ಗ ಕಟ್ಟಿ ಜನ ಬಾರದಂತೆ ಬಿಟ್ಟಿದ್ದ ಜಾಗದಲ್ಲಿ ಬಕೆಟ್ಟು ಬಿದ್ದು ಒಡೆಯಿತು. ಹಗ್ಗದ ಆಚೆ ನಿಂತಿದ್ದ ಮೇಸ್ತ್ರಿಯ ಬೂಟಿನ ಮೇಲೆ ನೊರೆ ಹಾರಿತು.

ಗುಂಡು ಕಂಬಿಯಿಂದ ಬಗ್ಗಿ ಕೂಗಿದ, "ನನ್ನ ಕೈ ಜಾರ್ತು ಮೇಸ್ತ್ರೀ!"

"ಏನೋ ಹೇಳ್ತಿದ್ದೀಯ ನೀನು?" ಎಂದ ಕೊಕ್ಕರೆ, ತಳದಿಂದಲೇ.

"ಬಾಯ್ಮುಚ್ಚು. ನಂಗೆ ಹಿಂದಿಲ್ಲ ಮುಂದಿಲ್ಲ, ಒಂದು ಹೊಟ್ಟೆ. ಎಲ್ಲಾದ್ರೂ ತುಂಬುತ್ತೆ. ನಿನ್ನ ಮಗೂಗೆ ನನ್ನ ಹೆಸರಿಡು, ಅಷ್ಟೇ. ಗುಂಡು ಅಂತ. ಹೆಣ್ಣಾದ್ರೂ ಪರವಾಗಿಲ್ಲ."

ತೊಟ್ಟಿಲು ಇಳಿಯಿತು. ಮೇಸ್ತ್ರಿಯ ಎರಡನೇ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ: ಮೇಲಿನಿಂದ ಏನೇ ಬೀಳಲಿ, ಬೀಳಿಸಿದವನು ಮತ್ತೆ ಹತ್ತುವ ಹಾಗಿಲ್ಲ. ಇವತ್ತು ಬಕೆಟ್ಟು, ನಾಳೆ ಮನುಷ್ಯ ಎನ್ನುತ್ತಿದ್ದ.

"ಯಾರು?" ಎಂದ ಮೇಸ್ತ್ರಿ.

"ನಾನು" ಎಂದ ಗುಂಡು.

ಮೇಸ್ತ್ರಿ ಗುಂಡುವನ್ನು ನೋಡಲಿಲ್ಲ. ಕೊಕ್ಕರೆಯ ಬಿಳುಚಿದ ಮುಖವನ್ನು, ಸೊಂಟದ ಪಟ್ಟಿಯನ್ನು ನೋಡಿದ. "ಹೌದಾ?" ಎಂದು ಅವನನ್ನೇ ಕೇಳಿದ.

ಕೊಕ್ಕರೆಯ ಕಣ್ಣಿಗೆ ಮಂಚದ ಮೇಲೆ ಮಲಗಿದ ಹೆಂಡತಿ ಕಂಡಳು. ಬೇರೇನೂ ಕಾಣಲಿಲ್ಲ. ತಲೆ ತಾನಾಗಿ ಹೌದೆಂದು ಆಡಿತು.

"ಪಟ್ಟಿ ಬಿಚ್ಚು" ಎಂದ ಮೇಸ್ತ್ರಿ ಗುಂಡುವಿಗೆ.

ಗುಂಡುವಿನ ಬಲಗೈ ಊದಿಕೊಂಡು ಬೆರಳು ಮಡಚಲಾಗುತ್ತಿರಲಿಲ್ಲ. ಎಡಗೈಯಲ್ಲಿ ಕೊಂಡಿ ಎಳೆದು ನೋಡಿದ, ಬರಲಿಲ್ಲ. ಕೊನೆಗೆ ಕೊಕ್ಕರೆಯೇ ಮಂಡಿಯೂರಿ ಅದನ್ನು ಬಿಚ್ಚಬೇಕಾಯಿತು. ಬಿಚ್ಚುವಾಗ ಗುಂಡು ಮೆಲ್ಲಗೆ, "ಕಚಗುಳಿ ಇಡ್ಬೇಡ್ವೋ" ಎಂದ. ಪಟ್ಟಿ ಗೂಟಕ್ಕೆ ಹೋಯಿತು. ಗುಂಡು ಬೀದಿಗೆ ಹೋದ.

ಕೊಕ್ಕರೆ ಮನೆಗೆ ಬಂದಾಗ ಹೆಂಡತಿಯ ಮುಖ ಅರಳಿತ್ತು. "ಬನ್ನಿ, ಬೇಗ ಬನ್ನಿ. ಒದೀತಿದೆ. ಇಲ್ಲಿ, ಇಲ್ಲಿ ಕೈ ಇಡಿ." ಅವಳೇ ಅವನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಂಗೈಯ ಕೆಳಗೆ ಏನೋ ಒಂದು ಚಿಕ್ಕದು ತಟ್ಟಿತು, ಒಳಗಿನಿಂದ ಯಾರೋ ಬೆರಳಿನಲ್ಲಿ ತಟ್ಟಿದ ಹಾಗೆ. ಮತ್ತೆ ತಟ್ಟಿತು.

"ನಿಮ್ಮ ಕೈ ಯಾಕ್ರೀ ಹೀಗೆ ನಡುಗ್ತಿದೆ?"

"ನೀರು ತಣ್ಣಗಿತ್ತು."

"ಸುಳ್ಳು."

ಅವಳು ಅಷ್ಟೇ ಅಂದಳು. ಅವನು ಕೈ ತೆಗೆದು, ಅಕ್ಕನನ್ನು ನೋಡಿಕೊಂಡು ಬರುತ್ತೇನೆಂದು ಎದ್ದ. ನಡೆಯುತ್ತಾ ಬೀದಿಯ ಕಂಬಗಳನ್ನು ಒಂದೊಂದಾಗಿ ಹಿಡಿದು ಹೋದ. ಎದುರಿಗೆ ಬಂದವರು ಪಕ್ಕಕ್ಕೆ ಸರಿದರು. ಕುಡುಕ ಅಂದುಕೊಂಡರೇನೋ, ಅಂದುಕೊಳ್ಳಲಿ.

ಕೋಣೆಯಲ್ಲಿ ಅಕ್ಕ ಒಬ್ಬಳೇ ಚಾಪೆಗಳನ್ನು ಸುತ್ತುತ್ತಿದ್ದಳು. ಮೊಳೆಯ ಗೋಡೆಗೆ ಸಂಜೆಬೆಳಕು ಬಿದ್ದಿತ್ತು.

"ಅಕ್ಕಾ, ಆ ಕಥೆ ಇನ್ನೂ ಇದೆ ಅಂದಿದ್ದೆಯಲ್ಲ. ಮುಂದೇನಾಯ್ತು?"

ಅಕ್ಕ ಅವನನ್ನು ಕೂರಿಸಿದಳು. ತಾನೂ ಕೂತಳು. "ಮುಂದೇನಾಗುತ್ತೆ. ಗಂಗೆ ಒಪ್ಪಿದ್ಳಲ್ಲ, ಒಪ್ಪಿದ ಮೇಲೆ ಒಂದು ಮಾತು ಕೇಳಿದ್ಳು. ಅಪ್ಪಾ ಭಗೀರಥ, ನಾನು ಅಷ್ಟು ಎತ್ತರದಿಂದ ಬೀಳೋಳು. ಬೀಳುವಾಗ ನನ್ನ ಭಾರ ತಡ್ಕೊಳ್ಳೋರು ಯಾರು? ಭೂಮಿ ಬಿರಿದುಹೋಗುತ್ತಲ್ಲ ಅಂದ್ಳು. ಇವನು ನಿಲ್ಲೋದೊಂದೇ ಯೋಚಿಸಿದ್ದ. ಬೀಳೋದು ಯಾರ ತಲೆ ಮೇಲೆ ಅಂತ ಯೋಚಿಸಿರಲಿಲ್ಲ. ಪಾಪ, ಮತ್ತೆ ಹೋಗಿ ನಿಂತ. ಈ ಸಲ ಶಿವನ್ನ ಕೇಳೋಕೆ. ಸ್ವಾಮೀ, ಬೀಳೋದನ್ನ ತಲೆ ಮೇಲೆ ತಗೋತೀಯಾ ಅಂತ ಕೇಳ್ದ. ಶಿವ ಜಡೆ ಬಿಚ್ಚಿ ನಿಂತ. ಅಷ್ಟು ದೊಡ್ಡ ನದಿ ಆ ಜಡೇಲಿ ಸಿಕ್ಕಿ, ಸಣ್ಣಗೆ, ಹನಿಹನಿಯಾಗಿ ನೆಲಕ್ಕಿಳೀತು."

ಕೊಕ್ಕರೆ ಗೋಡೆಯ ಮೊಳೆಯತ್ತ ನೋಡಿದ. ಆಮೇಲೆ ಕೇಳಿದ, "ತಲೆ ಕೊಟ್ಟವನಿಗೆ ಜಡೆ ಇಲ್ದೇ ಇದ್ರೆ ಅಕ್ಕಾ?"

"ಅಂದ್ರೆ?"

"ಅವನ ತಲೇಲಿ ಒಂದು ಕೂದಲೂ ಇಲ್ಲ" ಎಂದ. ಹೇಳಿದವನೇ ನಕ್ಕ, ನಗುತ್ತಾ ನಗುತ್ತಾ ಮುಖ ಮುಚ್ಚಿಕೊಂಡು ಅತ್ತ. ಅಳುವಿನ ನಡುವೆ ಬೆರಳು, ಬೆನ್ನು, ಬಕೆಟ್ಟು ಎಲ್ಲ ಹೊರಗೆ ಬಂದವು. ಅಕ್ಕ ಬೈಯಲಿಲ್ಲ. ಅವನು ಸುಳ್ಳು ಹೇಳಿದ್ದನ್ನೂ ಎತ್ತಿ ಆಡಲಿಲ್ಲ.

"ನಿಂತಿದ್ದಕ್ಕೆ ಏನು ಬಂತು ಅಕ್ಕಾ? ಆಸನದಿಂದ ಬಲ ಬರುತ್ತೆ, ಮನಸ್ಸು ನಿಲ್ಲುತ್ತೆ ಅಂದೆ. ನಾನು ಎಲ್ಲಿ ನಿಂತೆ? ನನ್ನಿಂದ ಅವನು ಬೀದಿಗೆ ಬಿದ್ದ."

"ಎಲ್ಲರೂ ಎತ್ತೋದನ್ನೇ ಕಲೀತಾರೆ" ಎಂದಳು ಅಕ್ಕ. "ಎತ್ತಿದ ಕಾಲನ್ನ ಇಳಿಸೋದೂ ಆಸನಾನೇ. ಅದನ್ನ ನಾನು ಕೊನೇಲಿ ಹೇಳ್ತೀನಿ, ಅಷ್ಟು ಹೊತ್ತಿಗೆ ಎಲ್ಲರೂ ಚಪ್ಪಲಿ ಹುಡುಕ್ತಿರ್ತಾರೆ. ಬಿದ್ದು ಇಳಿಸೋದು ಬೇರೆ, ತಾನಾಗಿ ಇಳಿಸೋದು ಬೇರೆ. ಮೆಲ್ಲಗೆ, ಉಸಿರು ಬಿಡ್ತಾ, ನೆಲಕ್ಕೆ ನೋವಾಗದ ಹಾಗೆ ಇಳಿಸ್ಬೇಕು."

"ಇಳಿಸಿದ್ರೆ ಮನೇಲಿ ಅವಳು..."

"ಗೊತ್ತು ಕಣೋ."

"ಮಗು..."

"ಗೊತ್ತು" ಎಂದಳು ಅಕ್ಕ. ಅವಳ ಕಣ್ಣಲ್ಲೂ ನೀರಿತ್ತು. ಏನಾದರೂ ಆಗುತ್ತದೆ, ದೇವರಿದ್ದಾನೆ ಎಂದು ಅವಳು ಹೇಳಲಿಲ್ಲ. ದಿನವೂ ದೇವರಿಗೆ ಕೈಮುಗಿಯುವವಳು, ಆದರೂ ಆ ಮಾತನ್ನು ಅಗ್ಗ ಮಾಡಲಿಲ್ಲ. ತಮ್ಮನ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅವರಮ್ಮ ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಅಂಗಾಲನ್ನು ಒತ್ತುತ್ತಾ ಕೂತಳು.

ಮರುದಿನ ಬೆಳಿಗ್ಗೆ ನೆಲಮಾಳಿಗೆಯ ಓಣಿಯಲ್ಲಿ ಸಾಲು ನಿಂತಿತು. ಕೊಕ್ಕರೆಯ ಮುಂದೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಖಾಲಿ ಇತ್ತು. ಮುಂದಿನವರು ಹಿಂದೆ ಸರಿಯಲಿಲ್ಲ, ಅವನೂ ಮುಂದೆ ಹೋಗಲಿಲ್ಲ. ಗೂಟದಲ್ಲಿ ಗುಂಡುವಿನ ಪಟ್ಟಿ ತೂಗುತ್ತಿತ್ತು. ಎಲ್ಲರೂ ಕಾಲೆತ್ತಿದರು. ಮೇಸ್ತ್ರಿ ಕೂಗತೊಡಗಿದ. ಗುಂಡುವಿನ ಹೆಸರು ಬರಬೇಕಾದಲ್ಲಿ ಒಂದು ಗಳಿಗೆ ತಡೆದು ಮುಂದಕ್ಕೆ ಹೋದ.

"ಕೊಕ್ಕರೇ."

"ಇದ್ದೀನಿ" ಎಂದ ಕೊಕ್ಕರೆ. ಗೋಡೆಯ ಮೇಲೆ ಒಂದು ತೇವದ ಕಲೆ ಇತ್ತು. ಅದನ್ನು ನೋಡುತ್ತಾ ನಿಂತಿದ್ದ. ಕಣಕಾಲು ಎಲೆಯ ಹಾಗೆ ಅಲುಗುತ್ತಿತ್ತು, ಆದರೂ ನಿಂತಿದ್ದ.

ಹೆಸರುಗಳು ಮುಗಿದವು.

"ತಮ್ಮಾ" ಎಂದ ಮೇಸ್ತ್ರಿ.

ಎಲ್ಲರ ಕಣ್ಣು ಮುಚ್ಚಿದವು. ಕೊಕ್ಕರೆ ಮುಚ್ಚದೆ ನಿಲ್ಲಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ತೇವದ ಕಲೆ ಅಲ್ಲೇ ಇತ್ತು. ಅವನು ಕಣ್ಣು ಮುಚ್ಚಿದ. ಕತ್ತಲೆ ಒಮ್ಮೆಗೇ ತಿರುಗಿತು. ಕೈ ತಾನಾಗಿ ಮುಂದಕ್ಕೆ ಹೋಗ ಹೊರಟಿತು. ಅದನ್ನು ಕೊಂಡಿಯ ಮೇಲೆಯೇ ಒತ್ತಿ ಹಿಡಿದ. ಅಂಗಾಲಿನ ಅಡಿಯಲ್ಲಿ ಸಿಮೆಂಟಿನ ತಣ್ಣನೆಯ ನೆಲ ಇತ್ತು. ನೆಲವನ್ನು ಬೆರಳುಗಳಿಂದ ಹಿಡಿದ. ಇನ್ನು ಬೀಳುತ್ತೇನೆ ಎನ್ನುವುದಕ್ಕೆ ಒಂದು ಉಸಿರು ಮುಂಚೆ, ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದ.

ಆ ಮೌನದಲ್ಲಿ ಬರಿಯ ಪಾದವೊಂದು ನೆಲ ಮುಟ್ಟಿದ ಸದ್ದು ಓಣಿಯ ಕೊನೆಯವರೆಗೂ ಕೇಳಿತು. ಮೇಸ್ತ್ರಿ ಕಣ್ಣು ತೆರೆದ.

ಕೊಕ್ಕರೆ ಒಂದು ಕೈಯಿಂದ ಗೋಡೆ ಸವರಿಕೊಂಡು, ಖಾಲಿ ಜಾಗವನ್ನು ದಾಟಿ, ಸಾಲಿನ ಮುಂದಕ್ಕೆ ಬಂದ. ಕಾಲೆತ್ತಿ ನಿಂತಿದ್ದವರು ಹಾಗೆಯೇ ನಿಂತಿದ್ದರು.

"ಬಕೆಟ್ಟು ಬೀಳಿಸಿದ್ದು ನಾನು" ಎಂದ. "ಗುಂಡುವಿನ ಪಟ್ಟಿ ಗೂಟದಿಂದ ಇಳಿಸಿ ಮೇಸ್ತ್ರಿ."

ಮೇಸ್ತ್ರಿ ಗೂಟದತ್ತ ತಿರುಗಿ ನೋಡಿದ.

ಕೊಕ್ಕರೆ ಕೊಂಡಿ ಸಡಿಲಿಸಿದ. ಹಿತ್ತಾಳೆಯ ಮೂಲೆಯಲ್ಲಿ ನಿನ್ನೆಯ ಸೋಪು ಒಣಗಿ ಬೆಳ್ಳಗಾಗಿತ್ತು. ಅದನ್ನು ಅಂಗಿಯ ತುದಿಯಿಂದ ಉಜ್ಜಿ ತೆಗೆದ. ಪಟ್ಟಿಯನ್ನು ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಮೈಯ ಬಿಸಿ ಆರುವ ಮುಂಚೆ ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟ.